400 ಜಿಬಿ ಖಾಲಿ ಇದೆ, ಆದರೂ ಜಾಗವಿಲ್ಲವಂತೆ!

ತಿಂಗಳ ಕೊನೆಯ ದಿನ, ಬಿಲ್ಲುಗಳೆಲ್ಲ ಹೊರಡಬೇಕಾದ ಹೊತ್ತಿಗೆ ಸರಿಯಾಗಿ ನಮ್ಮ ಕಚೇರಿಯ ಲಿನಕ್ಸ್ ಸರ್ವರ್ ಕೈ ಎತ್ತಿತು. ಡೇಟಾಬೇಸ್ ನಿಂತಿದೆ. ತೆರೆಯ ಮೇಲೆ ಒಂದೇ ಸಾಲು: 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಇರುವುದು 500 ಜಿಬಿ ಡಿಸ್ಕ್! ಡಿಸ್ಕ್‌ನಲ್ಲಿ ಎಷ್ಟು ಖಾಲಿ ಎಂದು ಹೇಳುವ 'ಡಿಎಫ್' ಆದೇಶ ಕೊಟ್ಟು ನೋಡಿದರೆ, ವ್ಯವಸ್ಥೆಯೇ ಕುಳಿತಿರುವ ರೂಟ್ ಪಾರ್ಟಿಷನ್ (ಡಿಸ್ಕ್‌ನ ಒಂದು ಪಾಲು) 50 ಜಿಬಿ, ನೂರಕ್ಕೆ ನೂರು ಭರ್ತಿ. ಉಳಿದದ್ದೆಲ್ಲ ಬಳಕೆದಾರರ ಸ್ವಂತ ಕಡತಗಳಿಗೆಂದಿರುವ '/ಹೋಮ್'ಗೆ ಧಾರೆ ಎರೆದಿದ್ದಾರೆ. ಅಲ್ಲಿ ಬಳಕೆ ಶೇಕಡಾ 1.

ಸರ್ವರ್‌ನಲ್ಲಿ ಯಾರ ಹೋಮ್ ಸ್ವಾಮಿ? ಯಾರೂ ಲಾಗಿನ್ ಆಗಿ ಫೋಟೊ, ಹಾಡು ತುಂಬಿಸಿಡುವ ಯಂತ್ರವಲ್ಲ ಇದು. ಬೆಳೆಯುವುದೆಲ್ಲ '/ವರ್' ಎಂಬ ಫೋಲ್ಡರ್ ಒಳಗೆ: ಡೇಟಾಬೇಸ್, ಲಾಗ್ (ವ್ಯವಸ್ಥೆ ಬರೆದಿಡುವ ದಿನಚರಿ), ಪ್ಯಾಕೇಜುಗಳ ಕ್ಯಾಶ್ (ಇಳಿಸಿಕೊಂಡ ತಂತ್ರಾಂಶಗಳ ದಾಸ್ತಾನು). ಲಾಗ್ ಹುಚ್ಚೆದ್ದು ಬೆಳೆದರೂ ವ್ಯವಸ್ಥೆ ಉಸಿರಾಡಲಿ ಎಂದು ಪಾರ್ಟಿಷನ್ ಮಾಡುವುದಾದರೆ ಬೇರೆ ಇಡಬೇಕಾದದ್ದು '/ವರ್'. ಅದನ್ನು ರೂಟ್‌ನಲ್ಲೇ ಬಿಟ್ಟು '/ಹೋಮ್' ಅನ್ನು ಬೇರೆ ಮಾಡಿದ್ದಾರೆ. ಇನ್‌ಸ್ಟಾಲರ್ ತೋರಿಸಿದ್ದಕ್ಕೆಲ್ಲ 'ನೆಕ್ಸ್ಟ್' ಒತ್ತಿ ಹಣ ಎಣಿಸಿಕೊಂಡು ಹೋದವರು ಒಬ್ಬರು, ಮಾಡಿದ್ದನ್ನು ಉಣ್ಣುವ ಮಹರಾಯ ನಾನು.

ದೊಡ್ಡ ಲಾಗ್ ಕಡತವೊಂದನ್ನು ಅಳಿಸಿದೆವು. ಒಂದು ಎಂಬಿಯೂ ಮರಳಲಿಲ್ಲ. ಕಡತಗಳ ಗಾತ್ರ ಕೂಡಿಸಿ ಹೇಳುವ 'ಡಿಯು' ಜಾಗ ಇದೆ ಎನ್ನುತ್ತದೆ, 'ಡಿಎಫ್' ಇಲ್ಲ ಎನ್ನುತ್ತದೆ. ಯಾವುದೋ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮು) ಆ ಕಡತವನ್ನು ತೆರೆದು ಹಿಡಿದುಕೊಂಡಿದೆ, ಅದು ಕೈಬಿಡುವ ತನಕ ಜಾಗ ಬಿಡುಗಡೆಯಾಗದು. ತೆರೆದಿರುವ ಕಡತಗಳ ಪಟ್ಟಿ ಕೊಡುವ 'ಎಲ್‌ಎಸ್‌ಒಎಫ್' ಹಿಡಿದು ಹುಡುಕಿ, ಆ ಸೇವೆಯನ್ನು ಮರುಚಾಲನೆ ಮಾಡಿದ ಮೇಲೆ ಒಂದಿಷ್ಟು ಜಾಗ ಸಿಕ್ಕಿತು. ಅದೂ ಎಷ್ಟು ದಿನ ಬಂದೀತು?

'ಪಾಲುಗಳ ಗಾತ್ರ ಬದಲಿಸಲು ಬಿಡುವ ಎಲ್‌ವಿಎಂ ಇದೆಯಲ್ಲ, ಅಲ್ಲಿಂದ ತೆಗೆದು ಇಲ್ಲಿಗೆ ಹಾಕಿ' ಎನ್ನುವ ಪಂಡಿತರಿಗೆ ದೊಡ್ಡ ನಮಸ್ಕಾರ. '/ಹೋಮ್'ನಲ್ಲಿರುವುದು ಎಕ್ಸ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ (ಫೈಲ್ ಸಿಸ್ಟಂ). ಅದನ್ನು ಹಿಗ್ಗಿಸಬಹುದು, ಕುಗ್ಗಿಸುವಂತಿಲ್ಲ. ಬ್ಯಾಕಪ್ ತೆಗೆದು, ಅನ್‌ಮೌಂಟ್ ಮಾಡಿ (ವ್ಯವಸ್ಥೆಯಿಂದ ಬಿಡಿಸಿ), ಪೂರ್ತಿ ಅಳಿಸಿ, ಚಿಕ್ಕದಾಗಿ ಹೊಸದನ್ನು ಕಟ್ಟಿದ ಮೇಲೆಯೇ ರೂಟ್‌ಗೆ ಜಾಗ. ಡೇಟಾಬೇಸನ್ನೇ '/ಹೋಮ್'ಗೆ ಸಾಗಿಸೋಣವೆಂದರೆ ಭದ್ರತೆಯ ಕಾವಲುಗಾರ ಎಸ್‌ಇಲಿನಕ್ಸ್ ಅಡ್ಡಗಾಲು ಹಾಕುತ್ತದೆ. ಅದನ್ನು ಒಲಿಸಿಕೊಳ್ಳುವುದು ಬೇರೆಯೇ ಪೂಜೆ.

1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನವರು ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಕಟ್ಟುವಾಗ ಮೊದಲ ಡಿಸ್ಕ್ ತುಂಬಿಹೋಗಿ, ಉಳಿದ ಪ್ರೋಗ್ರಾಮುಗಳನ್ನು ಬಳಕೆದಾರರ ಕಡತಗಳಿದ್ದ '/ಯುಎಸ್‌ಆರ್'ಗೆ ಸಾಗಿಸಿದ್ದರು. ಅವರ ಡಿಸ್ಕ್‌ನಲ್ಲಿ ಇದ್ದದ್ದೇ ಕೆಲವು ಎಂಬಿ, ಅವರಿಗೆ ವಿಧಿಯಿರಲಿಲ್ಲ. ನಮಗೆ ಯಾವ ಕರ್ಮ?

ಸರ್ವರ್ ಹೊಂದಿಸಿಕೊಟ್ಟವರಿಗೆ ಕರೆ ಮಾಡಿ ಕೂಗಾಡಿದೆ. ಅವರು ಬಹಳ ವಿನಯದಿಂದ, 'ಸರ್, ಇನ್ನೊಂದು ಡಿಸ್ಕ್ ಹಾಕಿಸಿಬಿಡಿ' ಎಂದರು. ಸಂಜೆಯೊಳಗೆ ಕೊಟೇಶನ್ ಕೂಡ ಬಂತು, ಜಿಎಸ್‌ಟಿ ಪ್ರತ್ಯೇಕ.