ಪಿಯುಸಿ ಆದ ಮೇಲಿನ ಆ ಒಂದು ವರ್ಷ

ನಮ್ಮ ಮೇಲಿನ ಮನೆಯ ಹುಡುಗಿ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ "ಹ್ವಾಯ್, ಊಟ ಆಯ್ತಾ?" ಅಂತ ಕೇಳುತ್ತಾಳೆ. ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅವಳು ಇಲ್ಲೇ ಹುಟ್ಟಿ ಬೆಳೆದ ಜರ್ಮನ್ ಹುಡುಗಿ. ನಾನು ದಾವಣಗೆರೆಯವನು, ನನಗೇ ಬಾರದ ಕುಂದಾಪುರ ಕನ್ನಡ ಅವಳಿಗೆ ಬರುತ್ತದೆ. ಹದಿನೆಂಟಕ್ಕೆ ಶಾಲೆ ಮುಗಿಸಿದವಳು ಕಾಲೇಜು ಸೇರುವ ಮೊದಲು ಕುಂದಾಪುರದ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿ ಒಂದು ವರ್ಷ ಇದ್ದು ಬಂದಳು.

ಅವಳು ಅಲ್ಲಿದ್ದ ವರ್ಷವೇ ನನ್ನ ಅಕ್ಕನ ಮಗ ದಾವಣಗೆರೆಯಿಂದ ದೂರದ ಒಂದು ಹಾಸ್ಟೆಲ್ ಸೇರಿದ್ದ. ನೀಟ್‌ನಲ್ಲಿ ಮೆಡಿಕಲ್ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ. ಹಾಗಾಗಿ ಲಾಂಗ್ ಟರ್ಮ್, ಅಂದರೆ ಮತ್ತೆ ಪರೀಕ್ಷೆ ಬರೆಯಲು ಒಂದು ವರ್ಷದ ಕೋಚಿಂಗ್. ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರವರೆಗೆ ಓದು. ಫೋನು ವಾರ್ಡನ್ ಕೈಯಲ್ಲಿ. ಭಾನುವಾರ ಅರ್ಧ ಗಂಟೆ ಮನೆಯವರ ಜೊತೆ ಮಾತು.

ಇಬ್ಬರಿಗೂ ಹದಿನೆಂಟು. ಇಬ್ಬರೂ ಮನೆ ಬಿಟ್ಟು ಒಂದು ವರ್ಷ ಹೊರಗಿದ್ದರು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹುಡುಗಿ ಹೋಗಿದ್ದು ವೆಲ್ಟ್‌ವೆರ್ಟ್ಸ್ ಅನ್ನುವ ಯೋಜನೆಯಲ್ಲಿ. ಜರ್ಮನ್ ಸರ್ಕಾರ 2008ರಲ್ಲಿ ಶುರು ಮಾಡಿದ್ದು. 18ರಿಂದ 28 ವರ್ಷದವರು ಹೊರದೇಶದಲ್ಲಿ ಸ್ವಯಂಸೇವೆ ಮಾಡಬಹುದು, ಖರ್ಚಿನ ಮುಕ್ಕಾಲು ಭಾಗದವರೆಗೆ ಸರ್ಕಾರ ಕೊಡುತ್ತದೆ. ಹೊರಡುವ ಮೊದಲು ತರಬೇತಿ ಇರುತ್ತದೆ, ಬಂದ ಮೇಲೆ ಕೂತು ಮಾತಾಡುವ ಶಿಬಿರವೂ ಇರುತ್ತದೆ.

ಮೊದಲ ಎರಡು ತಿಂಗಳು ತುಂಬಾ ಅತ್ತೆ ಅಂದಳು. ಮಳೆಗಾಲ, ಒಣಗದ ಬಟ್ಟೆ, ತಿಳಿಯದ ಭಾಷೆ. ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ ಅಂತ ಹೋದವಳಿಗೆ ಕಲಿಸುವುದು ಹೇಗೆ ಅಂತಲೇ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದ ಟೀಚರ್ ಎದುರಿಗಿರುವಾಗ ತಾನು ಚಾಕ್‌ಪೀಸ್ ಹಿಡಿದು ನಿಲ್ಲುವುದು ತಪ್ಪು ಅನ್ನಿಸಿತಂತೆ. ಆಮೇಲೆ ಆ ಟೀಚರ್‌ಗೆ ಸಹಾಯಕಿಯಾದಳು. ಹಾಳೆ ಕತ್ತರಿಸುವುದು, ಚಿತ್ರ ಬರೆಯುವುದು, ಬಿಸಿಯೂಟಕ್ಕೆ ಮಕ್ಕಳನ್ನು ಸಾಲಾಗಿ ಕೂರಿಸುವುದು. ಈ ಮಾತು ನನಗೆ ಬಹಳ ಹಿಡಿಸಿತು. ಹದಿನೆಂಟರ ಮಕ್ಕಳು ಬಡ ದೇಶಕ್ಕೆ ಹೋಗಿ ಉದ್ಧಾರ ಮಾಡುತ್ತಾರೆ ಅನ್ನುವ ನಂಬಿಕೆ ಇಲ್ಲಿ ಕೆಲವರಿಗಿದೆ. ಅದು ಸರಿಯಲ್ಲ ಅಂತ ಅವಳೇ ಕಂಡುಕೊಂಡಳು.

ಒಮ್ಮೆ ನಾಲ್ಕು ದಿನ ಜ್ವರ ಬಂತಂತೆ. ಪಕ್ಕದ ಮನೆಯ ಅಮ್ಮ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ತಂದು, ಅವಳು ಉಣ್ಣುವ ತನಕ ಅಲ್ಲೇ ಕೂತಿರುತ್ತಿದ್ದರು. "ನನಗೆ ಏಳು ವರ್ಷ ಆದ ಮೇಲೆ ಯಾರೂ ಹಾಗೆ ಕೂತಿರಲಿಲ್ಲ" ಅಂದಳು. ಅವಳ ಅಮ್ಮ ಒಳ್ಳೆಯವರು. ಆದರೆ ಇಲ್ಲಿ ಮಾತ್ರೆ, ನೀರು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋಗುತ್ತಾರೆ. ಹೋದ ಚಳಿಗಾಲದಲ್ಲಿ ಜ್ವರ ಬಂದಾಗ ನಮ್ಮ ಮನೆ ಬಾಗಿಲು ತಟ್ಟಿ ಗಂಜಿ ಕೇಳಿದಳು. ಕುಚ್ಚಲಕ್ಕಿ ಇರಲಿಲ್ಲ, ಇದ್ದ ಅಕ್ಕಿಯಲ್ಲೇ ಮಾಡಿಕೊಟ್ಟೆವು.

ಈ ಕಥೆ ಹೇಳಿದರೆ ಊರಲ್ಲಿ ಎಲ್ಲರೂ "ಆ ಮಕ್ಕಳಿಗೆ ಎಷ್ಟು ಧೈರ್ಯ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಮಕ್ಕಳಿಗೆ ಧೈರ್ಯ ಕಡಿಮೆ ಇಲ್ಲ. ಹಿಂದೆ ಹತ್ತು ಹನ್ನೆರಡರ ಹುಡುಗರು ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡು, ಜಗಲಿಯಲ್ಲಿ ಕೂತು ಓದಿದ ನಾಡು ನಮ್ಮದು. ವ್ಯತ್ಯಾಸ ಇರುವುದು ಬೇರೆ ಕಡೆ.

ಇಲ್ಲಿ ಸೇವೆಗೆ ಹೋಗುವ ಮೊದಲೇ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದ್ದರೆ, ವಾಪಸ್ ಬಂದ ಮೇಲೆ ಆ ಸೀಟಿಗೆ ಆದ್ಯತೆ ಇರುತ್ತದೆ. ಮಕ್ಕಳಿಗಾಗಿ ಸರ್ಕಾರ ಅಪ್ಪ ಅಮ್ಮನಿಗೆ ಕೊಡುವ ತಿಂಗಳ ಹಣ ಆ ವರ್ಷವೂ ನಿಲ್ಲುವುದಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇಲ್ಲಿನ ಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ, ಹಾಗಾಗಿ ಸಾಲದ ಕಂತಿನ ಚಿಂತೆ ಇಲ್ಲ. ಇನ್ನೊಂದು ಹಳೆಯ ಕಾರಣವೂ ಇದೆ. 2011ರವರೆಗೆ ಇಲ್ಲಿನ ಹುಡುಗರಿಗೆ ಸೈನ್ಯ ಸೇವೆ ಕಡ್ಡಾಯವಾಗಿತ್ತು. ಬಂದೂಕು ಬೇಡ ಅಂದವರು ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ದುಡಿಯಬೇಕಿತ್ತು. ನನ್ನ ಆಫೀಸಿನ ಹಿರಿಯರಲ್ಲಿ ಎಷ್ಟೋ ಜನ ಹತ್ತೊಂಬತ್ತಕ್ಕೆ ಮುದುಕರಿಗೆ ಸ್ನಾನ ಮಾಡಿಸಿದವರು. ಅಂಥವರ ಮಕ್ಕಳು ಒಂದು ವರ್ಷ ಹೋಗಿ ಬರುತ್ತೇವೆ ಅಂದರೆ ಯಾರು ಗಾಬರಿಯಾಗುತ್ತಾರೆ?

ನಮ್ಮಲ್ಲಿ ಒಂದು ವರ್ಷ ಬಿಟ್ಟರೆ ಛಾಪಾ ಕಾಗದದ ಮೇಲೆ ಗ್ಯಾಪ್ ಅಫಿಡವಿಟ್ ಬರೆಸಿ, ನೋಟರಿ ಹತ್ತಿರ ಸಹಿ ಹಾಕಿಸಿ ಕೊಡಿ ಅನ್ನುವ ಕಾಲೇಜುಗಳಿವೆ. ಏನೋ ತಪ್ಪು ಮಾಡಿದವರ ಹಾಗೆ. ಮುಂದೆ ಕೆಲಸದ ಸಂದರ್ಶನದಲ್ಲೂ "ಈ ವರ್ಷ ಏನು ಮಾಡ್ತಿದ್ರಿ?" ಅಂತ ಕೇಳುತ್ತಾರೆ. ಅಕ್ಕನಿಗೆ ಒಮ್ಮೆ ಫೋನಿನಲ್ಲಿ "ಹುಡುಗನನ್ನ ಆರು ತಿಂಗಳು ಸುಮ್ನೆ ಎಲ್ಲಾದರೂ ಇರೋಕೆ ಬಿಡು" ಅಂದಿದ್ದೆ. "ಏನೋ ನೀನು ಹೇಳೋದು? ಅಲ್ಲಿ ಕೂತು ಹೇಳೋದು ಸುಲಭ ಕಣೋ" ಅಂದಳು. ಅವಳು ಹೇಳಿದ್ದು ನಿಜ.

ಹಾಗಂತ ಇಲ್ಲಿನದೆಲ್ಲ ಚಂದ ಅಂತಲೂ ಅಲ್ಲ. ಅದೇ ಹುಡುಗಿಯ ಅಣ್ಣ, ಊರು ಸುತ್ತುತ್ತಾ ದುಡಿಯಲೂ ಬಿಡುವ ವರ್ಕಿಂಗ್ ಹಾಲಿಡೇ ವೀಸಾ ಪಡೆದು ಆಸ್ಟ್ರೇಲಿಯಾಕ್ಕೆ ಹೋಗಿದ್ದ. ಎರಡನೇ ವರ್ಷದ ವೀಸಾ ಬೇಕಾದರೆ ಹಳ್ಳಿ ಕಡೆ 88 ದಿನ ದುಡಿದಿರಬೇಕು. ಬಿಸಿಲಲ್ಲಿ ಹಣ್ಣು ಬಿಡಿಸಿದ, ಒಂದು ಕೋಣೆಯಲ್ಲಿ ಎಂಟು ಜನರ ಜೊತೆ ಮಲಗಿದ. ವಾಪಸ್ ಬಂದಾಗ ಕೈಯಲ್ಲಿ ಕಾಸಿರಲಿಲ್ಲ. ಏನು ಓದಬೇಕು ಅನ್ನುವುದೂ ತಿಳಿದಿರಲಿಲ್ಲ. ಆ ಒಂಟಿತನದ ಬಗ್ಗೆ ಅವನು ಇವತ್ತಿಗೂ ಜಾಸ್ತಿ ಮಾತಾಡುವುದಿಲ್ಲ.

ನಮ್ಮ ಮಕ್ಕಳಿಗೂ ಈಗ ಕೆಲವು ಬಾಗಿಲು ತೆರೆದಿವೆ. ಆಸ್ಟ್ರೇಲಿಯಾ 2024ರಿಂದ ಭಾರತದ ಯುವಜನರಿಗೆ ವರ್ಷಕ್ಕೆ ಇಂಥ 1,000 ವೀಸಾ ಕೊಡುತ್ತಿದೆ, ಲಾಟರಿ ಎತ್ತಿ. ಬ್ರಿಟನ್‌ದೂ ಒಂದು ಯೋಜನೆ ಇದೆ, ಅದಕ್ಕೆ ಡಿಗ್ರಿ ಬೇಕು. ಇನ್ನೊಂದು ದಾರಿ ಓ ಪೇರ್. ಜರ್ಮನ್ ಕುಟುಂಬವೊಂದರ ಜೊತೆ ಒಂದು ವರ್ಷದವರೆಗೆ ಇದ್ದು, ಅವರ ಮಕ್ಕಳನ್ನು ನೋಡಿಕೊಳ್ಳುವುದು. ವಾರಕ್ಕೆ 30 ಗಂಟೆಗಿಂತ ಹೆಚ್ಚು ಕೆಲಸ ಹೇಳುವ ಹಾಗಿಲ್ಲ. ಊಟ, ಕೋಣೆ, ವಿಮೆ, ತಿಂಗಳಿಗೆ 280 ಯೂರೋ ಕೈಖರ್ಚು ಕೊಡಬೇಕು.

ಹಾಗೆ ಬಂದ ಹಾಸನದ ಹುಡುಗಿಯೊಬ್ಬಳು ರಾಜ್ಯೋತ್ಸವದ ದಿನ ಸಿಕ್ಕಿದ್ದಳು. ಬಿ.ಕಾಂ. ಮುಗಿಸಿ ಬಂದವಳು. ಮೊದಲ ಮನೆಯವರು ಗಂಟೆ ಲೆಕ್ಕ ಇಡದೆ ಇಡೀ ಮನೆ ಒರೆಸಲು ಹಚ್ಚಿದರಂತೆ. ಕಾಯ್ದೆ ಏನು ಹೇಳುತ್ತದೆ ಅಂತ ತಾನೇ ಓದಿ, ಏಜೆನ್ಸಿಗೆ ಬರೆದು, ಬೇರೆ ಮನೆ ಹಿಡಿದಳು. ಈಗಿನ ಮನೆಯ ನಾಲ್ಕು ವರ್ಷದ ಮಗು ಅವಳಿಗೆ ಜರ್ಮನ್ ತಿದ್ದುತ್ತದೆ. ಇಷ್ಟೆಲ್ಲ ಹೇಳುವಾಗ ಅವಳ ಮುಖ ಅರಳಿತ್ತು. ಆಮೇಲೆ ದನಿ ಇಳಿಸಿ ಅಂದಳು: "ಅಣ್ಣ, ಊರಲ್ಲಿ ಅಮ್ಮ ಎಲ್ಲರ ಹತ್ರಾನೂ ನಾನು ಇಲ್ಲಿ ಎಂಎಸ್ಸಿ ಓದ್ತಿದ್ದೀನಿ ಅಂತ ಹೇಳಿದಾರೆ."

ಎಷ್ಟು ನೋವಿನ ಮಾತು ಅಲ್ವಾ? ಪರದೇಶದಲ್ಲಿ ಒಬ್ಬಳೇ ನಿಂತು ತನ್ನ ಹಕ್ಕು ಕೇಳಿದ ಮಗಳು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳಲು ಆ ತಾಯಿಗೆ ನಾವು ಜಾಗ ಕೊಟ್ಟಿಲ್ಲ.

ನನ್ನ ಆಸೆ ದೊಡ್ಡದೇನಲ್ಲ. ನಮ್ಮ ವಿಶ್ವವಿದ್ಯಾಲಯಗಳು, ಸಿಕ್ಕ ಸೀಟನ್ನು ಒಂದು ವರ್ಷ ಕಾಯ್ದಿಡುವ ನಿಯಮ ತರಲಿ. ಹೊರದೇಶವೇ ಆಗಬೇಕಿಲ್ಲ. ಮೈಸೂರಿನ ಹುಡುಗ ಒಂದು ವರ್ಷ ಯಾದಗಿರಿಯ ಶಾಲೆಯಲ್ಲಿರಲಿ, ಬೀದರಿನ ಹುಡುಗಿ ಕೊಡಗಿನ ಆಸ್ಪತ್ರೆಯಲ್ಲಿ ಕೆಲಸ ಕಲಿಯಲಿ. ಊಟಕ್ಕೆ, ವಸತಿಗೆ ಸರ್ಕಾರ ದುಡ್ಡು ಕೊಡಲಿ. ಆ ವರ್ಷಕ್ಕೊಂದು ಪ್ರಮಾಣಪತ್ರ ಇರಲಿ, ಅಫಿಡವಿಟ್ ಬೇಡ.

ಈಚೆಗೆ ಅಕ್ಕನ ಮಗನ ಜೊತೆ ವಿಡಿಯೋ ಕರೆಯಲ್ಲಿದ್ದಾಗ ಮೇಲಿನ ಮನೆಯ ಹುಡುಗಿ ಬಂದಳು. ಅವಳ ಕುಂದಾಪುರ ಕನ್ನಡ ಕೇಳಿ ಅವನು ತುಂಬಾ ದಿನದ ಮೇಲೆ ನಕ್ಕ. ಅರ್ಧ ಗಂಟೆ ಇಬ್ಬರೂ ಮಾತಾಡಿದರು. ಕೊನೆಗೆ ಅವನು ನನ್ನ ಕಡೆ ತಿರುಗಿ, "ಮಾಮ, ಒಂದು ವರ್ಷ ಹೋಗಿದ್ದಕ್ಕೆ ಅವಳ ಸೀಟು ಹೋಗಲಿಲ್ವಾ ಅಂತ ಕೇಳು" ಅಂದ.

ನಾನು ಜರ್ಮನ್‌ನಲ್ಲಿ ಕೇಳಿದೆ. ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಬಿಡಿಸಿ ಹೇಳಬೇಕಾಯಿತು.