ಸ್ಪಷ್ಟನೆ: ಹೈಡ್ರೋಜನ್ ಸೋರಿಕೆ ಮೂಗಿಗೆ ತಿಳಿಯುವುದಿಲ್ಲ

"ಹೈಡ್ರೋಜನ್ ಸೋರಿದರೆ ಅಡುಗೆ ಅನಿಲದಂತೆಯೇ ವಾಸನೆ ಬರುತ್ತದೆ, ವಾಸನೆ ಇಲ್ಲದಿದ್ದರೆ ಅಪಾಯವಿಲ್ಲ" ಎಂಬ ಸಂದೇಶವೊಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಹೈಡ್ರೋಜನ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಅಡುಗೆ ಅನಿಲದ ವಾಸನೆಯೂ ಅದರ ಸ್ವಂತದ್ದಲ್ಲ. ಸೋರಿಕೆ ಗೊತ್ತಾಗಲೆಂದು ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತದ್ದು. ಗಂಧಕವು ಇಂಧನ ಕೋಶದ (ಹೈಡ್ರೋಜನ್‌ನಿಂದ ವಿದ್ಯುತ್ ತಯಾರಿಸುವ ಸಾಧನದ) ಪ್ಲಾಟಿನಂ ವೇಗವರ್ಧಕವನ್ನು ಕೆಡಿಸುವುದರಿಂದ, ಇಂಧನ ಕೋಶದಿಂದ ಓಡುವ ವಾಹನಗಳಿಗೆ ತುಂಬುವ ಹೈಡ್ರೋಜನ್‌ಗೆ ಅದನ್ನು ಸೇರಿಸುವುದಿಲ್ಲ. ಗಾಳಿಯಲ್ಲಿ ಶೇ. 4ರಿಂದ 75ರಷ್ಟು ಹೈಡ್ರೋಜನ್ ಇದ್ದರೆ ಅದು ಹೊತ್ತಿಕೊಳ್ಳಬಲ್ಲದು. ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ.

ಆದ್ದರಿಂದಲೇ ಸೋರಿಕೆ ಪತ್ತೆಹಚ್ಚುವ ಸಂವೇದಕ (ಸೆನ್ಸರ್) ಬೇಕು. ಇಂತಹ ಸಂವೇದಕಗಳಲ್ಲಿ ಬಳಸುವ ಪಲ್ಲೇಡಿಯಂ ಲೋಹವು ತನ್ನ ಗಾತ್ರದ ಸುಮಾರು 900 ಪಟ್ಟು ಹೈಡ್ರೋಜನ್ ಅನಿಲವನ್ನು ಹೀರಿಕೊಂಡು, ನೆನೆದ ಕಾಳಿನಂತೆ ತುಸು ಉಬ್ಬುತ್ತದೆ. ಅದನ್ನು ನ್ಯಾನೋ ಗಾತ್ರಕ್ಕೆ ಇಳಿಸಿದಾಗ ಅನಿಲ ಒಳಹೊಗಬೇಕಾದ ದೂರ ಕಡಿಮೆಯಾಗಿ, ಪ್ರತಿಕ್ರಿಯೆ ಬೇಗ ಸಿಗುತ್ತದೆ.

ಇಲ್ಲಿ ನನ್ನದೂ ಒಂದು ತಪ್ಪಿದೆ. ಹೈಡ್ರೋಜನ್ ತಗುಲಿದಾಗ ಪಲ್ಲೇಡಿಯಂ ಸಂವೇದಕದ ವಿದ್ಯುತ್ ರೋಧ (ವಿದ್ಯುತ್ ಹರಿವಿಗೆ ಒಡ್ಡುವ ತಡೆ; ಇದರ ಬದಲಾವಣೆಯಿಂದಲೇ ಸೋರಿಕೆ ತಿಳಿಯುತ್ತದೆ) ಯಾವಾಗಲೂ ಏರುತ್ತದೆ ಎಂದು ಹಿಂದಿನ ಟಿಪ್ಪಣಿಯಲ್ಲಿ ಬರೆದಿದ್ದೆ. ಬಿರುಕಿಲ್ಲದ ಪದರಕ್ಕೆ ಆ ಮಾತು ಸರಿ. ಆದರೆ ನಡುನಡುವೆ ಸೂಕ್ಷ್ಮ ಬಿರುಕುಗಳಿರುವ ನ್ಯಾನೋ ತಂತಿಗಳಲ್ಲಿ, ಕಣಗಳು ಉಬ್ಬಿ ಬಿರುಕು ಮುಚ್ಚಿಕೊಳ್ಳುವುದರಿಂದ ರೋಧ ಇಳಿಯುತ್ತದೆ. 2001ರಲ್ಲೇ ಇದು ಪ್ರಯೋಗದಿಂದ ತೋರಿಬಂದಿದೆ.

ವಾಸನೆಯ ಸಂದೇಶವನ್ನೂ ನನ್ನ ಹಳೆಯ ಟಿಪ್ಪಣಿಯನ್ನೂ ದಯವಿಟ್ಟು ಇನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನು ಹಾಕಿ.