ನೆಲ ಅಗೆದದ್ದು ಸಾಕು, ಫೈಲು ಅಗೆಯಿರಿ

ದೇಶದ ನಾನಾ ಕಡೆ ಅಗೆದು ತೆಗೆದದ್ದನ್ನೆಲ್ಲ ಒಂದೇ ಸೂರಿನಡಿ ಇಟ್ಟು ಪ್ರದರ್ಶನ ಮಾಡಬೇಕು ಅಂತ ಆಗಾಗ ಯಾರಾದರೂ ಹೇಳುತ್ತಾರೆ. ಮಾಡಲಿ. ಮಡಕೆ, ಮಣಿ, ಮೂಳೆ ಹೇಗೂ ಇರುತ್ತವೆ. ಆದರೆ ನಟ್ಟನಡುವೆ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾದ್ದು ತಮಿಳುನಾಡಿನ ಕೀಳಡಿಯಲ್ಲಿ ಅಗೆದದ್ದರ ವರದಿ.

ಮಧುರೆ ಹತ್ತಿರ, ವೈಗೈ ನದಿಯ ಆಸುಪಾಸಿನ ತೆಂಗಿನ ತೋಪಿನಲ್ಲಿ 2014ರ ಹೊತ್ತಿಗೆ ಕೇಂದ್ರದ ಪುರಾತತ್ವ ಇಲಾಖೆ ಅಗೆಯುವ ಈ ಕೆಲಸ ಶುರುಮಾಡಿತು. ಇಟ್ಟಿಗೆ ಗೋಡೆ, ಬಾವಿ, ತಮಿಳು ಬ್ರಾಹ್ಮಿ ಅಕ್ಷರ ಗೀಚಿದ ಮಡಕೆ ಚೂರು ಸಿಕ್ಕವು. ಜಾಸ್ತಿ ಸಿಕ್ಕಿದ್ದೇ ತಪ್ಪಾಯಿತೋ ಏನೋ, 2017ರಲ್ಲಿ ಅಗೆಸಿದ ಅಧಿಕಾರಿಗೆ ಅಸ್ಸಾಂಗೆ ವರ್ಗವಾಯಿತು. ಅಲ್ಲೂ ಮಣ್ಣಿದೆ, ನಿಜ. ಕೀಳಡಿಯ ಮಣ್ಣಲ್ಲ, ಅಷ್ಟೇ. 2023ರ ಜನವರಿಯಲ್ಲಿ ಅವರು 982 ಪುಟದ ವರದಿ ಕೊಟ್ಟರು. ಪುರಾತತ್ವ ಇಲಾಖೆ ಅದನ್ನು ಎರಡು ವರ್ಷಕ್ಕೂ ಮೇಲೆ ಇಟ್ಟುಕೊಂಡು, 2025ರ ಮೇ ತಿಂಗಳಲ್ಲಿ ತಿದ್ದಿ ತನ್ನಿ ಎಂದಿತು. ಅವರು ಒಪ್ಪಲಿಲ್ಲ. ಜೂನ್‌ನಲ್ಲಿ ಮತ್ತೆ ವರ್ಗ!

ಜಗಳ ಇರುವುದು ಕಾಲದ ಬಗ್ಗೆ. ಅಲ್ಲಿ ಜನ ನೆಲೆಸಿದ ಮೊದಲ ಹಂತ ಕ್ರಿಸ್ತಪೂರ್ವ 8ನೇ ಶತಮಾನದಿಂದ ಶುರು ಅನ್ನುತ್ತದೆ ವರದಿ. ಅಷ್ಟು ಹಳೆಯದಲ್ಲ ಅನ್ನುತ್ತದೆ ಇಲಾಖೆ. ದಿಲ್ಲಿಗೆ ಒಂದಿಷ್ಟು ಶತಮಾನ ಕಮ್ಮಿ ಮಾಡಿಕೊಡಬೇಕು, ಚೆನ್ನೈಗೆ ಒಂದು ಪೈಸೆಯೂ ಬಿಡುವ ಮನಸ್ಸಿಲ್ಲ. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಇದಕ್ಕಿಂತ ಬೇಗ ಮುಗಿಯುತ್ತದೆ. ಅಷ್ಟರಲ್ಲಿ ತಮಿಳುನಾಡು ತಾನೇ ಅಗೆಸಿ, 2023ರ ಮಾರ್ಚ್‌ನಲ್ಲಿ ಮ್ಯೂಸಿಯಂ ಕೂಡ ತೆರೆದುಬಿಟ್ಟಿತು.

ನಾವು ಕನ್ನಡಿಗರು ಕೂತು ನಗುವ ಹಾಗೇನೂ ಇಲ್ಲ ಬಿಡಿ. ನಮ್ಮಲ್ಲಿ ಅಗೆಯೋಕೆ ಬಜೆಟ್ಟೂ ಬೇಡ, ಚಾವಣಿ ಕುಸಿದರೆ ಸಾಕು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಆದದ್ದು ಅದೇ. ಕಾಳಿ ಗುಡಿಯ ಚಾವಣಿ ಬಿದ್ದು ವಿಗ್ರಹ ಒಡೆಯಿತು. ಅದರ ಪೀಠದ ಕಲ್ಲು ನೋಡಿದರೆ, ಅಶೋಕನ ಶಾಸನ! ಆಮೇಲೆ ಪಕ್ಕದ ಕನಗನಹಳ್ಳಿಯ ದಿಬ್ಬ ಅಗೆದರು. ಬೌದ್ಧ ಸ್ತೂಪ ಸಿಕ್ಕಿತು, ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಸಿಕ್ಕಿತು. ಬೇರೆ ದೇಶವಾಗಿದ್ದರೆ ಇದರ ಸುತ್ತ ಒಂದು ಊರನ್ನೇ ಕಟ್ಟುತ್ತಿದ್ದರು. ಇಲ್ಲಿ ಶಿಲ್ಪಗಳು ವರ್ಷಗಟ್ಟಲೆ ಬಯಲಲ್ಲೇ ಬಿದ್ದಿದ್ದವು. ದಾರಿಹೋಕರಿಗೆ ನೆರಳಾಗಲಿ ಅಂತ ಆಲದ ಮರ ನೆಡಿಸಿದ ರಾಜ ಕಲಬುರಗಿ ಬಿಸಿಲಲ್ಲಿ! ಸ್ತೂಪವನ್ನು ದುರಸ್ತಿ ಮಾಡುವ ಕೆಲಸ ಶುರುವಾಗಿದ್ದು 2022ರಲ್ಲಿ.

ಪ್ರದರ್ಶನ ನಡೆದರೆ ಒಂದು ಕಲ್ಲಿನ ಬಗ್ಗೆ ಮಾತ್ರ ಚಿಂತೆಯಿಲ್ಲ. ಉದ್ಘಾಟನೆಯ ಶಿಲಾಫಲಕ. ಮಂತ್ರಿಗಳ ಹೆಸರು, ಅಧ್ಯಕ್ಷತೆ, ಘನ ಉಪಸ್ಥಿತಿ ಎಲ್ಲ ಪಾಲಿಶ್ ಮಾಡಿದ ಗ್ರಾನೈಟಿನಲ್ಲಿ. ಅದರ ಕಾಲದ ಬಗ್ಗೆ ಯಾರದ್ದೂ ತಕರಾರಿಲ್ಲ, ತಾರೀಖು ಅಲ್ಲೇ ಕೆತ್ತಿರುತ್ತಾರೆ. ಪರದೆ ಎಳೆಯುವ ತನಕ ಅದಕ್ಕೆ ಬಿಸಿಲೂ ತಾಗದು.